ಅಡಿಕೆಯ ಬೇರುಹುಳು: ಎರಡು ಜಾತಿಗಳ ಭೇದ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆ ತೋಟಗಳಿಗೆ ಬೇರುಹುಳುವು ನೆಲದೊಳಗಿನ ಶತ್ರುವಾಗಿದೆ. ಸೋಗೆ ಹಳದಿಗೆ ತಿರುಗುವುದು, ಮರದ ತುದಿ ಸಣ್ಣಗಾಗುವುದು, ಎಳೆಗಾಯಿ ಉದುರುವುದು, ಕಡೆಗೆ ಮರವು ಕೈಯಿಂದ ನೂಕಿದರೂ ಅಲುಗುವುದು, ಇವು ಅದರ ಚಿಹ್ನೆಗಳು. ಹಳದಿ ಎಲೆ ರೋಗದಲ್ಲಿಯೂ ಸೋಗೆ ಹಳದಿಯಾಗುವುದರಿಂದ, ಬುಡವನ್ನು ಅಗೆದು ನೋಡಿಯೇ ನಿಶ್ಚಯಿಸತಕ್ಕದ್ದು.

ಒಂದು ವರ್ಷ ಹುಳುಗಳನ್ನು ಆರಿಸಿ ಕೊಂದು ಮರುವರ್ಷ ಕೈಬಿಟ್ಟ ತೋಟದಲ್ಲಿ ಹಾನಿಯು ಪುನಃ ತಲೆದೋರುವುದುಂಟು. ಇದರ ಕಾರಣವನ್ನು ಹುಳುವಿನ ಜಾತಿಯಲ್ಲಿ ಹುಡುಕಬೇಕು.

ಒಂದೇ ಕುಲಕ್ಕೆ ಸೇರಿದ ಎರಡು ಜಾತಿಗಳನ್ನು ಇಲ್ಲಿ ಹೋಲಿಸುವೆವು. ಮೊದಲನೆಯದು ಲ್ಯೂಕೋಫೋಲಿಸ್ ಲೆಪಿಡೋಫೋರ. ಮಲೆನಾಡಿನ ಅಡಿಕೆಗೆ ಮುಖ್ಯವಾಗಿ ತಗಲುವುದು ಇದೇ. ಕೊಲ್ಲಾಪುರ, ಸಾಂಗ್ಲಿಗಳ ಕಡೆ ಕಬ್ಬಿಗೂ ಇದು ಬೀಳುತ್ತದೆ. ಎರಡನೆಯದು ಲ್ಯೂಕೋಫೋಲಿಸ್ ಕೋನಿಯೋಫೋರ. ಇದು ಕಾಸರಗೋಡು ಮತ್ತು ಕೇರಳದ ಕರಾವಳಿಯ ಮರಳು ಭೂಮಿಯಲ್ಲಿ ತೆಂಗು, ಅಡಿಕೆ, ಗೆಡ್ಡೆ ಬೆಳೆಗಳ ಬೇರನ್ನು ತಿನ್ನುತ್ತದೆ.

ಇವೆರಡರ ಸಾಮ್ಯವು ಬಹಳ. ಎರಡರ ಮರಿಹುಳುವೂ ಬಿಳಿದಾಗಿ, ಕಂದು ತಲೆಯುಳ್ಳದ್ದಾಗಿ, ಕೊಂಕಿಯಂತೆ ಬಾಗಿರುವುದು. ಎರಡು ಸಲ ಪೊರೆ ಕಳಚಿ ಮೂರು ಅವಸ್ಥೆಗಳಲ್ಲಿ ಬೆಳೆಯುವುದು. ಎರಡರ ದುಂಬಿಗಳೂ ಮುಂಗಾರು ಮಳೆಗೆ ನೆಲ ತೋಯ್ದ ಮೇಲೆ, ಸಂಜೆಯ ಮಬ್ಬಿನಲ್ಲಿ ಸ್ವಲ್ಪ ಹೊತ್ತು ಮಾತ್ರ ಹೊರಬಂದು, ಕೂಡಿ, ಪುನಃ ಮಣ್ಣು ಸೇರಿ ಮೊಟ್ಟೆಯಿಡುವುವು. ಆದಕಾರಣ ಬರಿಗಣ್ಣಿನಿಂದ ಭೇದ ತಿಳಿಯುವುದು ಕಷ್ಟ.

ಭೇದವಿರುವುದು ಆಯುಸ್ಸಿನಲ್ಲಿ. ಕರಾವಳಿಯ ಜಾತಿಯು ಮೊಟ್ಟೆಯಿಂದ ದುಂಬಿಯಾಗಲು ಒಂದು ವರ್ಷ ಸಾಕು. ಮಲೆನಾಡಿನದಕ್ಕೆ ಎರಡು ವರ್ಷ ಬೇಕು. ಆದ್ದರಿಂದ ನಮ್ಮ ತೋಟಗಳಲ್ಲಿ ಮಳೆಗಾಲದ ನಡುವೆ ಬುಡ ಅಗೆದರೆ, ಈ ವರ್ಷದ ಸಣ್ಣ ಹುಳುಗಳೂ ಕಳೆದ ವರ್ಷದ ದೊಡ್ಡ ಹುಳುಗಳೂ ಜೊತೆಯಾಗಿ ಸಿಕ್ಕಬಹುದು. ದೊಡ್ಡವುಗಳನ್ನು ಆರಿಸಿ ತೃಪ್ತರಾದರೆ, ಕಣ್ತಪ್ಪಿದ ಸಣ್ಣವು ಮರುವರ್ಷ ಬಲಿತು ಬೇರನ್ನು ಮೇಯುವುವು.

ಆದ್ದರಿಂದ ಮಾಡತಕ್ಕದ್ದು:

1. ಮುಂಗಾರಿನ ಮೊದಲ ಮಳೆಗಳಾದ ಮೇಲೆ ದಿನವೂ ಸಂಜೆ ದುಂಬಿಗಳನ್ನು ಹಿಡಿದು, ಸೀಮೆಎಣ್ಣೆ ಬೆರೆಸಿದ ನೀರಿನಲ್ಲಿ ಹಾಕಿ ಕೊಲ್ಲಬೇಕು. ಮೊಟ್ಟೆಯಿಡುವ ಮೊದಲೇ ಹೆಣ್ಣು ದುಂಬಿ ಸಿಕ್ಕಿದರೆ ಅದರ ಸಂತತಿಯೇ ನಿಲ್ಲುವುದು.

2. ಬಸಿಗಾಲುವೆಗಳನ್ನು ತೋಡಿ ತೋಟದಲ್ಲಿ ನೀರು ನಿಲ್ಲದಂತೆ ಮಾಡಬೇಕು.

3. ಬುಡದ ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಸಡಿಲಿಸಿ, ಸಣ್ಣ ದೊಡ್ಡ ಹುಳುಗಳೆಲ್ಲವನ್ನೂ ಆರಿಸಬೇಕು.

4. ಹಿಂದೆ ಬಳಕೆಯಲ್ಲಿದ್ದ ಫೋರೇಟ್ ವಿಷವು 2020ರ ಡಿಸೆಂಬರ್ 31ರಿಂದ ನಿಷಿದ್ಧವಾಗಿದೆ, ಉಳಿಕೆಯನ್ನೂ ಬಳಸಕೂಡದು. ಹುಳುವನ್ನು ಕೊಲ್ಲುವ ಸೂಕ್ಷ್ಮ ಜಂತುಗಳನ್ನು ಮಣ್ಣಿಗೆ ಸೇರಿಸುವ ಉಪಾಯವುಂಟು. ಅದರ ಕ್ರಮವನ್ನು ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.

ಈ ಕೆಲಸವನ್ನು ಎರಡು ವರ್ಷ ಎಡೆಬಿಡದೆ ನಡೆಸಬೇಕು. ದುಂಬಿಗೆ ಬೇಲಿಯಿಲ್ಲ, ಒಬ್ಬನು ಆರಿಸಿ ನೆರೆಯವನು ಸುಮ್ಮನಿದ್ದರೆ ಪ್ರಯೋಜನ ಕಡಿಮೆ. ಗ್ರಾಮದ ಹಿರಿಯರು ಮಳೆ ಹಿಡಿಯುವ ಮುನ್ನ ತೋಟದ ಒಡೆಯರನ್ನು ಸೇರಿಸಿ, ಇಡೀ ಊರು ಒಂದೇ ಕಾಲಕ್ಕೆ ಈ ಕಾರ್ಯಕ್ಕೆ ತೊಡಗುವಂತೆ ಏರ್ಪಡಿಸಬೇಕೆಂದು ವಿಜ್ಞಾಪನೆ.