ಬಾವಿಯ ನೀರಿನಲ್ಲಿ ನೈಟ್ರೇಟ್: ಹತೋಟಿ ಹೇಗೆ?

ಸಾಮಾನ್ಯವಾಗಿ ರೈತರು ಬಾವಿಯ ನೀರಿನ ಗುಣವನ್ನು ಕಣ್ಣು, ಮೂಗು ಮತ್ತು ನಾಲಿಗೆಯಿಂದ ತೀರ್ಮಾನಿಸುತ್ತಾರೆ. ನೀರು ತಿಳಿಯಾಗಿದ್ದು, ವಾಸನೆಯಿಲ್ಲದೆ, ಸಿಹಿಯಾಗಿದ್ದರೆ ಅದು ಒಳ್ಳೆಯ ನೀರೆಂಬುದು ರೂಢಿಯ ನಂಬಿಕೆ. ನೈಟ್ರೇಟ್ ಲವಣದ ವಿಷಯದಲ್ಲಿ ಈ ನಂಬಿಕೆ ಸಲ್ಲದು. ಕುಡಿಯುವ ನೀರಿನಲ್ಲಿ ಅದಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಬಟ್ಟೆಯಲ್ಲಿ ಸೋಸಿದರೆ ಅದು ನಿಲ್ಲದು. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿ.ಗ್ರಾಂ. ಮೀರಿ ನೈಟ್ರೇಟ್ ಇರಬಾರದು. ಬೀದರ ಜಿಲ್ಲೆಯೂ ಸೇರಿದಂತೆ ರಾಜ್ಯದ ಹಲವು ಜಿಲ್ಲೆಗಳ ಅಂತರ್ಜಲದಲ್ಲಿ ಈ ಮಿತಿ ಮೀರಿದ ನೈಟ್ರೇಟ್ ಇರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯ ಪರೀಕ್ಷೆಗಳು ತೋರಿಸಿವೆ.

ನೈಟ್ರೇಟ್ ಎಲ್ಲಿಂದ ಬರುತ್ತದೆ?

ಯೂರಿಯಾ, ಸಗಣಿ, ಗಂಜಲ, ಶೌಚಗುಂಡಿಯ ಕೊಳಚೆ ಇವೆಲ್ಲದರಲ್ಲಿಯೂ ಸಾರಜನಕವಿದೆ. ಮಣ್ಣಿನ ಸೂಕ್ಷ್ಮಜೀವಿಗಳು ಇದನ್ನು ಮೊದಲು ಅಮೋನಿಯಾ, ನಂತರ ನೈಟ್ರೈಟ್, ಕೊನೆಗೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅಮೋನಿಯಂ ರೂಪದ ಸಾರಜನಕವನ್ನು ಜೇಡಿಕಣಗಳು ಹಿಡಿದಿಟ್ಟುಕೊಳ್ಳುತ್ತವೆ. ನೈಟ್ರೇಟನ್ನು ಅವು ಹಿಡಿಯಲಾರವು. ಬೇರು ಹೀರಿಕೊಳ್ಳದೆ ಬಿಟ್ಟ ನೈಟ್ರೇಟ್ ನೀರಿನೊಡನೆ ಕೆಳಗಿಳಿದು ಬಾವಿ ಸೇರುತ್ತದೆ.

ಗಾಜಿನ ತೊಟ್ಟಿಯಲ್ಲಿ ಮೀನು, ಹವಳ ಸಾಕುವವರಿಗೆ ಈ ಕ್ರಿಯೆ ಚೆನ್ನಾಗಿ ಗೊತ್ತು. ಹಾಕಿದ ಆಹಾರವೂ ಮೀನಿನ ಮಲವೂ ಕೊಳೆತು, ಇದೇ ಮೂರು ಮೆಟ್ಟಿಲೇರಿ ನೈಟ್ರೇಟ್ ಆಗಿ ತೊಟ್ಟಿಯಲ್ಲಿ ಶೇಖರವಾಗುತ್ತದೆ. ಅವರು ಆಹಾರವನ್ನು ಮಿತಗೊಳಿಸಿ, ಆಗಾಗ ಸ್ವಲ್ಪ ನೀರು ತೆಗೆದು ಹೊಸ ನೀರು ಸೇರಿಸುತ್ತಾರೆ. ಬಾವಿಯೂ ಒಂದು ತೊಟ್ಟಿಯೇ. ಆದರೆ ಅದರ ಸುತ್ತಲಿನ ಅಂತರ್ಜಲವನ್ನು ಹೀಗೆ ಬದಲಿಸುವಂತಿಲ್ಲ. ಆದುದರಿಂದ ಒಳಗೆ ಹೋಗುವುದನ್ನು ತಡೆಯುವುದೇ ಮುಖ್ಯ ಉಪಾಯ.

ಒಂದು ಲೆಕ್ಕ ನೋಡಬಹುದು. 45 ಕಿ.ಗ್ರಾಂ. ಯೂರಿಯಾ ಚೀಲದಲ್ಲಿ ಸುಮಾರು 20.7 ಕಿ.ಗ್ರಾಂ. ಸಾರಜನಕವಿದೆ. ಅದೆಲ್ಲವೂ ನೈಟ್ರೇಟ್ ಆಗಿ ಬಸಿದುಹೋದರೆ ಸುಮಾರು 92 ಕಿ.ಗ್ರಾಂ. ಆಗುತ್ತದೆ. ನೈಟ್ರೇಟ್ ಇಲ್ಲದ 20 ಲಕ್ಷ ಲೀಟರ್ ನೀರನ್ನು 45 ಮಿ.ಗ್ರಾಂ. ಮಿತಿಗೆ ತರಲು ಇಷ್ಟು ಸಾಕು. 8 ಮೀಟರ್ ವ್ಯಾಸದ, 5 ಮೀಟರ್ ನೀರಿರುವ ಎಂಟು ಬಾವಿಗಳ ನೀರು ಇದು.

ಮಾಣಿಕನಗರದ ಸುತ್ತಿನ ಭೂಮಿ

ಹುಮನಾಬಾದ, ಬಸವಕಲ್ಯಾಣ ಭಾಗಗಳಲ್ಲಿ ಬಸಾಲ್ಟ್ ಕರಿಕಲ್ಲಿನ ಮೇಲೆ ಹಲವೆಡೆ ಜಂಬಿಟ್ಟಿಗೆಯ ಹೊದಿಕೆಯಿದೆ. ಜಂಬಿಟ್ಟಿಗೆ ರಂಧ್ರಮಯವಾದುದು, ಮಳೆನೀರು ಅದರಲ್ಲಿ ಬೇಗ ಇಳಿಯುತ್ತದೆ. ಬಹಮನಿ ಕಾಲದಲ್ಲಿ ಬೀದರದಲ್ಲಿ ತೋಡಿದ ಕರೇಜ್ ಸುರಂಗಗಳು ಹೀಗೆ ಇಳಿದ ನೀರನ್ನೇ ಸಂಗ್ರಹಿಸಿ ಊರಿಗೆ ಒದಗಿಸಿದವು. ನೀರು ಬೇಗ ಇಳಿಯುವ ಕಡೆ ಅದರಲ್ಲಿ ಕರಗಿದ ನೈಟ್ರೇಟೂ ಬೇಗ ಇಳಿಯುತ್ತದೆ. ಗಾಳಿಯಿಲ್ಲದ ಸ್ಥಳದಲ್ಲಿ ಸಾವಯವ ಪದಾರ್ಥವಿದ್ದರೆ ಕೆಲವು ಸೂಕ್ಷ್ಮಜೀವಿಗಳು ನೈಟ್ರೇಟನ್ನು ಮತ್ತೆ ಸಾರಜನಕ ಅನಿಲವಾಗಿ ಹೊರಬಿಡುತ್ತವೆ. ಗಾಳಿಯಾಡುವ, ಸಾವಯವ ಅಂಶ ಕಡಿಮೆಯಿರುವ ಪದರಗಳಲ್ಲಿ ಈ ಶುದ್ಧೀಕರಣವನ್ನು ನಿರೀಕ್ಷಿಸುವಂತಿಲ್ಲ.

ಎರೆಭೂಮಿಯಲ್ಲಿ ನೀರು ನಿಧಾನವಾಗಿ ಇಂಗುವುದು ನಿಜ. ಆದರೆ ಬೇಸಿಗೆಯ ಕೊನೆಗೆ ಆ ನೆಲ ಆಳವಾಗಿ ಬಿರುಕು ಬಿಟ್ಟಿರುತ್ತದೆ. ಮುಂಗಾರಿನ ಮೊದಲ ಮಳೆಗಳಲ್ಲಿ ನೀರು ಈ ಬಿರುಕುಗಳ ಮೂಲಕ ನೇರವಾಗಿ ಕೆಳಗಿಳಿಯುತ್ತದೆ. ಒಣಗಿದ ಮಣ್ಣು ತೊಯ್ದೊಡನೆ ಅದರಲ್ಲಿ ನೈಟ್ರೇಟ್ ಉತ್ಪತ್ತಿಯೂ ಚುರುಕಾಗುತ್ತದೆ. ಆಗ ಹೊಲದಲ್ಲಿ ಅದನ್ನು ಹೀರುವ ಬೇರುಗಳಿರುವುದಿಲ್ಲ.

ಹಸುಗೂಸಿಗೆ ಅಪಾಯ

ನೈಟ್ರೇಟ್ ಹೆಚ್ಚಿದ ನೀರಿನಿಂದ ಎಲ್ಲರಿಗಿಂತ ಹೆಚ್ಚಿನ ಅಪಾಯ ಆರು ತಿಂಗಳೊಳಗಿನ, ಬಾಟಲಿ ಹಾಲು ಕುಡಿಯುವ ಕೂಸಿಗೆ. ಶರೀರದೊಳಗೆ ನೈಟ್ರೇಟ್ ನೈಟ್ರೈಟ್ ಆಗಿ ಮಾರ್ಪಟ್ಟು ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಸಾಗಿಸದಂತೆ ಮಾಡುತ್ತದೆ. ಮಗುವಿನ ತುಟಿ, ಉಗುರು, ಚರ್ಮ ನೀಲಿಗಟ್ಟುತ್ತವೆ. ಚಿಕಿತ್ಸೆ ತಡವಾದರೆ ಪ್ರಾಣಕ್ಕೆ ಸಂಚಕಾರ. 1945ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ವೈದ್ಯ ಹಂಟರ್ ಕಾಮ್ಲಿ ಇಂಥ ಕೂಸುಗಳ ಕಾಯಿಲೆಗೂ ಹೊಲಮನೆಗಳ ಬಾವಿನೀರಿಗೂ ಇರುವ ಸಂಬಂಧವನ್ನು ಪ್ರಕಟಿಸಿದರು.

ಆರು ತಿಂಗಳವರೆಗೆ ತಾಯಿಯ ಹಾಲೊಂದನ್ನೇ ಕೊಡುವುದು ಅತ್ಯುತ್ತಮ ರಕ್ಷಣೆ. ಪುಡಿಹಾಲು ಅನಿವಾರ್ಯವಾದರೆ ಪರೀಕ್ಷೆಯಲ್ಲಿ ತೇರ್ಗಡೆಯಾದ ನೀರನ್ನು ಮಾತ್ರ ಕಾಯಿಸಿ ಬಳಸಬೇಕು. ಕೂಸು ನೀಲಿಗಟ್ಟಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ದನಕರುಗಳಿಗೂ ಅಪಾಯವಿದೆ. ಬರಕ್ಕೆ ಸಿಕ್ಕಿ ಬಾಡಿದ ಜೋಳದ ಹಸಿ ಮೇವಿನಲ್ಲಿ ನೈಟ್ರೇಟ್ ಹೆಚ್ಚಿರುತ್ತದೆ. ಅಂಥ ಮೇವಿನ ಜೊತೆಗೆ ನೈಟ್ರೇಟ್ ಹೆಚ್ಚಿದ ನೀರನ್ನೂ ಕುಡಿಸಿದರೆ ಎರಡೂ ಕೂಡಿ ವಿಷವಾಗಬಹುದು.

ನೀರಿನ ಪರೀಕ್ಷೆ

ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲಿ ಮತ್ತು ಮಳೆ ನಿಂತ ನಂತರ, ನೀರು ಪರೀಕ್ಷಿಸುವುದು ಸೂಕ್ತ. ಪಂಪನ್ನು ಕೆಲವು ನಿಮಿಷ ನಡೆಸಿ, ಅರ್ಧ ಲೀಟರ್ ಹಿಡಿಯುವ ಶುಭ್ರ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಬೇಕು. ಮಾದರಿಯನ್ನು ತಂಪಾದ ಕತ್ತಲೆಯಲ್ಲಿಟ್ಟು 24 ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ವರದಿಯಲ್ಲಿ ‘ನೈಟ್ರೇಟ್’ ಎಂದಿದೆಯೇ ‘ನೈಟ್ರೇಟ್ ಸಾರಜನಕ’ ಎಂದಿದೆಯೇ ಎಂಬುದನ್ನು ಗಮನಿಸಬೇಕು. ಎರಡನೆಯದಾದರೆ ಆ ಅಂಕಿಯನ್ನು 4.43ರಿಂದ ಗುಣಿಸಬೇಕು. 12 ಎಂಬುದು ಸಣ್ಣ ಅಂಕಿಯೆಂದು ಕಂಡರೂ ಅದು 53 ಮಿ.ಗ್ರಾಂ. ನೈಟ್ರೇಟ್, ಅಂದರೆ ಮಿತಿ ಮೀರಿದ ನೀರು.

ಬಾವಿಯ ಸುತ್ತ

ತಿಪ್ಪೆಗುಂಡಿ, ದನದ ಕೊಟ್ಟಿಗೆ, ಶೌಚಗುಂಡಿ ಇವು ಬಾವಿಯಿಂದ ಕನಿಷ್ಠ 15 ಮೀಟರ್ ದೂರದಲ್ಲಿ, ಇಳಿಜಾರಿನ ಕೆಳಬದಿಯಲ್ಲಿ ಇರಬೇಕು. ಜಂಬಿಟ್ಟಿಗೆ ನೆಲದಲ್ಲಿ ಈ ಅಂತರ ಹೆಚ್ಚಿದಷ್ಟೂ ಒಳ್ಳೆಯದು. ತಿಪ್ಪೆಯ ತಳಕ್ಕೆ ಜೇಡಿಮಣ್ಣು ಬಡಿದು, ಮಳೆಗಾಲದಲ್ಲಿ ಮೇಲೆ ಹೊದಿಕೆ ಹಾಕಬೇಕು. ಬಾವಿಗೆ ಕಟ್ಟೆ, ಸುತ್ತ ಗಾರೆಯ ನೆಲ, ಚೆಲ್ಲಿದ ನೀರು ಹರಿದುಹೋಗಲು ಕಾಲುವೆ ಅಗತ್ಯ. ಆ ಕಾಲುವೆಯ ನೀರಿಗೆ ನೇಪಿಯರ್ ಹುಲ್ಲು ಬೆಳೆದರೆ ನೈಟ್ರೇಟ್ ಮೇವಾಗುತ್ತದೆ. ಮಾಣಿಕನಗರದಂತೆ ದತ್ತ ಜಯಂತಿಗೆ ಯಾತ್ರಿಕರು ಸೇರುವ ಊರುಗಳಲ್ಲಿ ತಾತ್ಕಾಲಿಕ ಶೌಚದ ಏರ್ಪಾಡುಗಳನ್ನು ಕುಡಿಯುವ ನೀರಿನ ಬಾವಿಗಳಿಂದ ದೂರವಿಡುವುದು ಜಾಣತನ.

ಹೊಲದಲ್ಲಿ

1. ಮಣ್ಣು ಪರೀಕ್ಷೆಯ ಆಧಾರದ ಮೇಲೆಯೇ ಸಾರಜನಕ ಕೊಡಬೇಕು. ಕಬ್ಬಿಗೆ ನಾಲ್ಕು ಕಂತುಗಳಲ್ಲಿ, ಬಹುಪಾಲನ್ನು ತೆಂಡೆಯೊಡೆದ ನಂತರ ಒದಗಿಸಬೇಕು.

2. ದೊಡ್ಡ ಮಳೆಯ ಮುನ್ಸೂಚನೆ ಇದ್ದಾಗ ಮೇಲುಗೊಬ್ಬರ ಹಾಕಬಾರದು. ಗೊಬ್ಬರ ಹಾಕಿದ ಬೆನ್ನಿಗೇ ಸಾಲು ತುಂಬ ನೀರು ಹಾಯಿಸುವುದೂ ತಪ್ಪು.

3. ತೊಗರಿಗೆ ಬಿತ್ತನೆಯ ಕಾಲದಲ್ಲಿ ಎಕರೆಗೆ 10 ಕಿ.ಗ್ರಾಂ. ಸಾರಜನಕ ಸಾಕು. ಉಳಿದುದನ್ನು ಬೇರುಗಂಟುಗಳು ಗಾಳಿಯಿಂದ ಪಡೆಯುತ್ತವೆ. ತೊಗರಿಯ ಆಳವಾದ ಬೇರು ಕೆಳಗಿಳಿದ ನೈಟ್ರೇಟನ್ನೂ ಹೀರಿಕೊಳ್ಳುತ್ತದೆ.

4. ಉದ್ದು, ಹೆಸರು ಕಟಾವಾದ ನಂತರ ಹಿಂಗಾರಿ ಜೋಳವನ್ನು ತಡಮಾಡದೆ ಬಿತ್ತಬೇಕು. ಬೇರುಗಂಟುಗಳಿಂದ ಬಿಡುಗಡೆಯಾಗುವ ಸಾರಜನಕ ಆಗ ಬೆಳೆಗೆ ದಕ್ಕುತ್ತದೆ.

ಬಾವಿಯಲ್ಲಿರುವ ಗೊಬ್ಬರ

ಕುಡಿಯಲು ಬಾರದ ಈ ನೀರು ಬೆಳೆಗೆ ಪೋಷಕ. ಲೀಟರಿಗೆ 90 ಮಿ.ಗ್ರಾಂ. ನೈಟ್ರೇಟ್ ಇರುವ ನೀರನ್ನು ಒಂದು ಎಕರೆಗೆ 5 ಸೆಂ.ಮೀ. ಆಳ ಹಾಯಿಸಿದರೆ, ಸುಮಾರು 2 ಲಕ್ಷ ಲೀಟರ್ ನೀರಿನೊಡನೆ 4 ಕಿ.ಗ್ರಾಂ. ಸಾರಜನಕ ಹೊಲ ಸೇರುತ್ತದೆ. ಇದು ಸುಮಾರು 9 ಕಿ.ಗ್ರಾಂ. ಯೂರಿಯಾಕ್ಕೆ ಸಮ. ಹತ್ತು ಸಲ ಹಾಯಿಸಿದರೆ ಎರಡು ಚೀಲದಷ್ಟಾಯಿತು. ನೀರು ಬೇರಿನ ವಲಯದಲ್ಲಿಯೇ ನಿಲ್ಲುವಂತೆ ಹಿತಮಿತವಾಗಿ ಹಾಯಿಸಿ, ಈ ಲಾಭದ ಬಹುಪಾಲನ್ನು ಮೇಲುಗೊಬ್ಬರದಲ್ಲಿ ಕಡಿತ ಮಾಡಬಹುದು. ಖರ್ಚು ಉಳಿಯುತ್ತದೆ, ಬಾವಿಯ ನೈಟ್ರೇಟೂ ಕ್ರಮೇಣ ಬೆಳೆಯ ಮೂಲಕ ಹೊರಬರುತ್ತದೆ. ಅಂತರ್ಜಲ ಸುಧಾರಿಸಲು ವರ್ಷಗಳು ಬೇಕು. ಅಲ್ಲಿಯವರೆಗೆ ಆ ನೀರು ಹೊಲಕ್ಕೆ ಮಾತ್ರ ಇರಲಿ. ಮನೆಗೆ, ಅದರಲ್ಲೂ ತೊಟ್ಟಿಲ ಕೂಸಿಗೆ, ಪರೀಕ್ಷಿಸಿದ ಬೇರೆ ನೀರನ್ನೇ ತರಬೇಕು.