ಮೊದಲು ಮಾತು, ಆಮೇಲೆ ಫೋಟೊ

ನಮ್ಮ ಕೋಟೆಯ ಕಲ್ಲುಗಳ ಫೋಟೊ ಎಲ್ಲರ ಮೊಬೈಲಿನಲ್ಲೂ ಇದೆ. ಅದೇ ಊರಿನ ಬೀದಿಯಲ್ಲಿ ಸೌತೆಕಾಯಿ ಹೆಚ್ಚಿ ಖಾರ ಹಾಕಿಕೊಡುವ ಅಜ್ಜಿಯ ಫೋಟೊ ಎಷ್ಟು ಜನರ ಹತ್ತಿರ ಇದೆ? ಕಲ್ಲು ತಿರುಗಿ ನೋಡುವುದಿಲ್ಲ, ಅಜ್ಜಿ ನೋಡುತ್ತಾರೆ. ಅಲ್ಲೇ ಕೈ ಹಿಂಜರಿಯುತ್ತದೆ.

ನನಗೂ ಸಂಕೋಚ ಇದೆ. ಆದರೆ ಕದ್ದು ತೆಗೆಯಲು ಹೋದಾಗಲೇ ಅದು ಹೆಚ್ಚು. ಕೇಳಿ ತೆಗೆದರೆ ಅರ್ಧ ಕಡಿಮೆಯಾಗುತ್ತದೆ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಜನಸಾಮಾನ್ಯರ ಚಿತ್ರಗಳಿಂದಲೇ ಹೆಸರಾದ ಪತ್ರಿಕಾ ಛಾಯಾಗ್ರಾಹಕರು. 1977ರಲ್ಲಿ ಪದ್ಮಶ್ರೀ ಪಡೆದರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನೂ ಚಿತ್ರಿಸಿದರು. ಕಾಯಿಲೆ ಬಿದ್ದ ಮನೆಯ ಚಿತ್ರವನ್ನು ಮರೆಯಲ್ಲಿ ನಿಂತು ತೆಗೆಯಲಾಗುತ್ತದೆಯೇ? ಮನೆಯವರು ನಂಬಬೇಕು.

ಅಭ್ಯಾಸವನ್ನು ಜನಜಂಗುಳಿಯಲ್ಲಿ ಶುರು ಮಾಡಿ. 2022ರಲ್ಲಿ 89 ವರ್ಷಗಳ ನಂತರ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಹಿರಿಯೂರಿನ ಕಡೆ ಎಲ್ಲರ ಕೈಯಲ್ಲೂ ಮೊಬೈಲ್. ಅಂಥ ಕಡೆ ಯಾರೂ ನಿಮ್ಮನ್ನು ವಿಚಿತ್ರವಾಗಿ ನೋಡುವುದಿಲ್ಲ. ಕೋಟೆಗೆ ಬಂದ ಕುಟುಂಬದವರಿಗೆ ಅವರ ಮೊಬೈಲಿನಲ್ಲೇ ಒಂದು ಫೋಟೊ ತೆಗೆದುಕೊಡಿ, ಮಾತು ತಾನಾಗಿ ಬರುತ್ತದೆ.

ಆಮೇಲೆ ಕೆಲಸದಲ್ಲಿರುವವರ ಹತ್ತಿರ ಹೋಗಿ. "ಅಣ್ಣಾ, ನೀವು ಕೆಲಸ ಮಾಡೋದು ಒಂದು ಫೋಟೊ ತೆಗೀಲಾ?" ಎಂದು ಕೇಳಿ. ಹೊಳಲ್ಕೆರೆಯ ಅಂಗಡಿಯ ಚಾಚಾ ಆದರೆ ದಖನಿಯಲ್ಲೇ ಕೇಳಿ. ಮೊದಲು ಬೆನ್ನು ನೆಟ್ಟಗೆ ಮಾಡಿ, ಕೂದಲು ಸರಿಪಡಿಸಿ ನಿಲ್ಲುತ್ತಾರೆ. ಅದನ್ನೂ ತೆಗೆಯಿರಿ, ಅವರಿಗೆ ಬೇಕಾದ ಫೋಟೊ ಅದು. ಐದು ನಿಮಿಷ ಅಲ್ಲೇ ಇರಿ. ಗಿರಾಕಿ ಬಂದ ಮೇಲೆ ಅವರು ನಿಮ್ಮನ್ನು ಮರೆಯುತ್ತಾರೆ. ನಿಮಗೆ ಬೇಕಾದ ಫೋಟೊ ಆಗ ಸಿಗುತ್ತದೆ.

ಬೇಡ ಎಂದರೆ? ಹೊಸದುರ್ಗದಲ್ಲಿ ಬಳೆ ಮಾರುವ ಅಮ್ಮ ಒಬ್ಬರು ಅಂಗೈ ಅಡ್ಡ ಹಿಡಿದು "ಬ್ಯಾಡಪ್ಪ" ಎಂದರು. ಕ್ಯಾಮೆರಾ ಚೀಲಕ್ಕೆ ಹಾಕಿದೆ. ಸ್ವಲ್ಪ ಹೊತ್ತಿಗೆ ಅವರೇ ಪಕ್ಕದಲ್ಲಿ ಚಪ್ಪಲಿ ಹೊಲಿಯುವವರನ್ನು ತೋರಿಸಿ, "ಅವಂದು ತೆಗಿ, ಅವನಿಗೆ ಭಾಳ ಆಸೆ" ಎಂದು ನಕ್ಕರು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಾಗಾಗಿ ಫೋಟೊ ತೆಗೆಯಲು ಒಪ್ಪಿದವರು ಅದನ್ನು ಸ್ಟೇಟಸ್‌ಗೆ ಹಾಕಲೂ ಒಪ್ಪಿದ್ದಾರೆ ಎಂದುಕೊಳ್ಳಬೇಡಿ. ಅದನ್ನು ಬೇರೆಯಾಗಿ ಕೇಳಬೇಕು. ಹೆಣ್ಣುಮಕ್ಕಳ, ಚಿಕ್ಕಮಕ್ಕಳ ವಿಷಯದಲ್ಲಂತೂ ಕೇಳಲೇಬೇಕು.

ಇನ್ನೊಂದು ಮಾತು: ಪ್ರಿಂಟ್ ಹಾಕಿಸಿ ಕೊಡಿ. ಹೊಸದುರ್ಗದ ಆ ಚಪ್ಪಲಿ ಹೊಲಿಯುವವರು ತಮ್ಮ ಫೋಟೊವನ್ನು ಸಾಮಾನಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದಾರೆ.