ಹೊಸಬರಿಗೆ ನಾಲ್ಕು ಉತ್ತರಗಳು

ಈ ವರ್ಷ ಪ್ರಥಮ ಪಿಯುಸಿಗೆ ಬಂದವರನ್ನೆಲ್ಲ ತರಗತಿಯ ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದೇವೆ. ನೋಟ್ಸ್, ಫೀಸಿನ ಕೊನೆಯ ದಿನ, ಪಾಠದ ಸಂದೇಹ ಎಲ್ಲವೂ ಅಲ್ಲೇ. ಆದರೆ ಅಲ್ಲಿ ಹೇಗೆ ಮಾತಾಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ತಪ್ಪಿದಾಗ ಸೀನಿಯರ್‌ಗಳು ರೇಗುತ್ತಾರೆ, ಅಷ್ಟೆ.

ಮಳೆಗಾಲದ ಒಂದು ಮೆಸೇಜನ್ನೇ ತೆಗೆದುಕೊಳ್ಳಿ. "ನಾಳೆ ಕಾಲೇಜಿಗೆ ರಜೆ." ಜೊತೆಗೆ ಜಿಲ್ಲಾಧಿಕಾರಿಗಳ ಆದೇಶದ ಫೋಟೊ. ಆದೇಶ ನಿಜವೇ, ಆದರೆ ಕೊಡಗಿನದು. ಕಾವೇರಿ ಸೇತುವೆಯ ಆಚೆ ಕುಶಾಲನಗರ ಕೊಡಗು ಜಿಲ್ಲೆ. ಈಚೆ ಬೈಲಕುಪ್ಪೆ ಮೈಸೂರು ಜಿಲ್ಲೆ. ಕಳಿಸಿದವನು ಸುಳ್ಳು ಹೇಳಿಲ್ಲ, ಆದರೂ ನಮಗೆ ರಜೆ ಇಲ್ಲ. ಇದಕ್ಕೆ ಬರುವ ಉತ್ತರ: "ಓದೋಕೆ ಬರಲ್ವಾ ನಿಂಗೆ?" ಆ ಹುಡುಗ ಮತ್ತೆ ವರ್ಷವಿಡೀ ಗ್ರೂಪಿನಲ್ಲಿ ಬಾಯಿ ಬಿಡುವುದಿಲ್ಲ.

ಇದಕ್ಕಿಂತ ಒಳ್ಳೆಯ ಪದ್ಧತಿ ನಮ್ಮ ಪಕ್ಕದಲ್ಲೇ ಇದೆ. 1959ರ ನಂತರ ಟಿಬೆಟ್‌ನಿಂದ ನಿರಾಶ್ರಿತರಾಗಿ ಬಂದ ಭಿಕ್ಷುಗಳು ಬೈಲಕುಪ್ಪೆಯಲ್ಲಿ ಮತ್ತೆ ಕಟ್ಟಿಕೊಂಡ ಸೆರಾ ಮಠದಲ್ಲಿ ವಿದ್ಯಾರ್ಥಿಗಳು ಅಂಗಳದಲ್ಲಿ ವಾದ ಮಾಡಿ ಕಲಿಯುತ್ತಾರೆ. ಕೇಳುವವನು ನಿಂತಿರುತ್ತಾನೆ, ಉತ್ತರಿಸುವವನು ಕುಳಿತಿರುತ್ತಾನೆ. ಪ್ರಶ್ನೆಯ ಕೊನೆಗೆ ಕಾಲು ಅಪ್ಪಳಿಸಿ ಚಪ್ಪಾಳೆ. ಹೊಸಬರಿಗೆ ಮೊದಲು ದೊಡ್ಡ ಶಾಸ್ತ್ರ ಕೊಡುವುದಿಲ್ಲ, ಬಣ್ಣಗಳ ಮೇಲೆ ವಾದ. "ಬಣ್ಣವೆಂದರೆಲ್ಲ ಕೆಂಪೇ" ಎಂದು ಒಬ್ಬ ಒಪ್ಪಿದರೆ, ಇನ್ನೊಬ್ಬ ಬಿಳಿ ಶಂಖದ ಬಣ್ಣವನ್ನು ಮುಂದಿಡುತ್ತಾನೆ.

ಕುಳಿತವನಿಗೆ ಇರುವ ಮುಖ್ಯ ಉತ್ತರಗಳು ನಾಲ್ಕೇ: ಒಪ್ಪಿದೆ. ಏಕೆ? ಕಾರಣ ಸಾಬೀತಾಗಿಲ್ಲ. ಆ ಕಾರಣದಿಂದ ಈ ಮಾತು ಬರುವುದಿಲ್ಲ. ನಾಲ್ಕರಲ್ಲಿ ಒಂದೂ ಎದುರಿನವನ ಬುದ್ಧಿಯ ಬಗ್ಗೆ ಇಲ್ಲ, ಗಮನಿಸಿ. ಅಂಗಳದಲ್ಲಿ ಗದ್ದಲಕ್ಕೇನೂ ಕಡಿಮೆಯಿಲ್ಲ. ಮೆಲ್ಲಗೆ ಮಾತಾಡುವುದೇ ಮರ್ಯಾದೆ ಎಂದು ನಾನು ಒಪ್ಪುವುದೂ ಇಲ್ಲ. ಉತ್ತರ ಮಾತಿಗೆ ಸಲ್ಲಬೇಕು, ಮನುಷ್ಯನಿಗಲ್ಲ. ರಜೆಯ ಮೆಸೇಜಿಗೆ ನಾಲ್ಕನೆಯ ಉತ್ತರ ಸಾಕಿತ್ತು: "ಇದು ಕೊಡಗಿನ ಆದೇಶ, ನಮಗೆ ಅನ್ವಯಿಸಲ್ಲ ಕಣೋ."

ಇದು ರಜೆಯ ವಿಷಯಕ್ಕೇ ನಿಲ್ಲುವುದಿಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದ್ ಕಡೆಯಿಂದ ಬಂದಿದ್ದ ಕೆಲವು ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸಂದೇಶ ವಾಟ್ಸಾಪಿನಲ್ಲಿ ಅವರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಗುಂಪು ಅವರನ್ನು ತಡೆದು ಹೊಡೆಯಿತು. ಅವರಲ್ಲಿದ್ದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ತೀರಿಕೊಂಡರು. ಚಾಕೊಲೇಟ್ ಕೊಟ್ಟದ್ದು ನಿಜ. ಅದರಿಂದ ಕಳ್ಳತನ ಹೇಗೆ ಬರುತ್ತದೆ? ಕೇಳಬೇಕಿದ್ದ ಪ್ರಶ್ನೆ ಅದೊಂದೇ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಹಾಕುವುದಾಗಿ ಹೇಳಿತು. ಮಿತಿ ಫೋನಿಗೆ ಬಿತ್ತು. ಪ್ರಶ್ನೆ ಕೇಳುವ ಕೆಲಸ ನಮ್ಮಲ್ಲೇ ಉಳಿಯಿತು.

ಸೀನಿಯರ್‌ಗಳಿಗೆ ಒಂದು ಮಾತು: ಯಾರಿಗೂ ಅಪಾಯವಿಲ್ಲದ ತಪ್ಪಾದರೆ ಹೊಸಬರಿಗೆ ಮೊದಲು ಪರ್ಸನಲ್ ಆಗಿ ಹೇಳಿ. ಯಾರದೋ ಮೇಲೆ ಆರೋಪವಿದ್ದರೆ ಮಾತ್ರ ಗ್ರೂಪಿನಲ್ಲೇ, ಆ ಮೆಸೇಜಿಗೇ ರಿಪ್ಲೈ ಒತ್ತಿ, ಕೂಡಲೇ ಕೇಳಿ.

ಅಭ್ಯಾಸಕ್ಕೆ ಈ ವಾರ ಗ್ರೂಪಿನಲ್ಲಿ ನನ್ನದೊಂದು ಹೇಳಿಕೆ ಇರುತ್ತದೆ: "ನಾಳೆಯ ಟೆಸ್ಟ್ ಮುಂದೂಡಲು ಸರ್ ಒಪ್ಪಿದ್ದಾರೆ, ಏಕೆಂದರೆ ಮೆಸೇಜಿಗೆ ನೀಲಿ ಟಿಕ್ ಬಿದ್ದಿದೆ." ನಾಲ್ಕರಲ್ಲಿ ಯಾವ ಉತ್ತರವೆಂದು ಪ್ರಥಮ ಪಿಯುಸಿಯವರೇ ಬರೆಯಿರಿ.